ಇಜ್ಜಲು ಹತ್ತುವವರೆಗೆ

ಇಜ್ಜಲು ಹತ್ತುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ನಮ್ಮ ವೀರನಹೊಸಹಳ್ಳಿ ಕಡೆ ಯಾರನ್ನಾದರೂ ಕೇಳಿ ನೋಡಿ. ಗಡಿಯಾರದ ಲೆಕ್ಕ ಯಾರೂ ಕೊಡುವುದಿಲ್ಲ. 'ಎಲೆ ಅಡಿಕೆ ಹಾಕ್ಕೊಂಡು ಉಗಿಯೋ ಹೊತ್ತು' ಎನ್ನುವವರುಂಟು. 'ಕುಂತ್ಕಳಿ ಸ್ವಾಮಿ, ಮಾತಾಡ್ತಿರಿ, ಅದ್ರ ಪಾಡಿಗೆ ಅದು ಹತ್ಕತದೆ' ಎನ್ನುವವರೂ ಉಂಟು. ಈ ಎರಡನೆಯವರ ಮಾತೇ ನನಗೆ ಸರಿ ಕಾಣುತ್ತದೆ. ಬೆಂಕಿಪೊಟ್ಟಣ, ಕರಟ, ನಾರು, ಬೀಸಣಿಗೆ ಎಲ್ಲ ಜೋಡಿಸಿಟ್ಟುಕೊಂಡ ಮೇಲೆ ಪಕ್ಕದಲ್ಲಿ ಮಾತಾಡುವವರೊಬ್ಬರೂ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ? ಒಬ್ಬರೇ ಕೂತು ಇಜ್ಜಲನ್ನೇ ದಿಟ್ಟಿಸುತ್ತೇವೆ, ಕೈ ಸುಮ್ಮನಿರುವುದಿಲ್ಲ, ಕೋಲು ಹಾಕಿ ಕೆದಕುತ್ತೇವೆ. ಕೆದಕಿದರೆ ಒಂದಕ್ಕೊಂದು ತಾಗಿಕೊಂಡು ಕಾಯುತ್ತಿದ್ದ ಕೆಂಡಗಳು ಬೇರೆಯಾಗಿ ಆರಿಹೋಗುತ್ತವೆ. ಹಾಗಾಗಿ ಬನ್ನಿ, ಜಗಲಿ ಮೇಲೆ ಕೂತುಕೊಳ್ಳಿ. ಇಜ್ಜಲು ಹತ್ತಲಿ.

ವೀರನಹೊಸಹಳ್ಳಿ ಗೊತ್ತಲ್ಲವೇ? ಹುಣಸೂರಿನಿಂದ ನಾಗರಹೊಳೆಗೆ ಹೋಗುವ ದಾರಿಯಲ್ಲಿ ಕಾಡಿನ ಬಾಗಿಲು ಇರುವ ಊರು. ಮೈಸೂರು ದಸರಾ ಆನೆಗಳ ಗಜಪಯಣಕ್ಕೆ ಪೂಜೆ ನಡೆಯುವುದು ಇಲ್ಲಿಯೇ. ಬಲರಾಮ, ಅರ್ಜುನ, ಆಮೇಲೆ ಅಭಿಮನ್ಯು, ಅಂಬಾರಿ ಹೊತ್ತ ಆನೆಗಳನ್ನೆಲ್ಲ ಹೂವು ಹಾಕಿ ಕಳಿಸಿಕೊಟ್ಟವರು ನಾವು. ಅರಮನೆಯ ಆವರಣ ಸೇರಿದ ಮೇಲೆ ಆ ಆನೆಗಳಿಗೆ ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿ, ಈರುಳ್ಳಿ ಎಲ್ಲ ಬೇಯಿಸಿ, ಉಂಡೆ ಕಟ್ಟಿ, ಬೆಣ್ಣೆ ಹಚ್ಚಿ ಬಾಯಿಗಿಡುತ್ತಾರೆ. ಅಷ್ಟು ದೊಡ್ಡ ಪಾತ್ರೆಗಳ ಕೆಳಗೆ ಉರಿಯುವುದು ಸೌದೆ. ಸೌದೆಯ ಒಲೆ ಹೊತ್ತಿಸುವುದು ಯಾರಿಗೆ ಬರುವುದಿಲ್ಲ? ಪುಳ್ಳೆ ಇಟ್ಟು, ಗರಿ ತುರುಕಿ, ಕಡ್ಡಿ ಗೀರಿದರೆ ಆಯಿತು. ಇಜ್ಜಲಿನ ಜಾತಿಯೇ ಬೇರೆ.

ಈಚೆಗೆ ಈ ಕಾಡಂಚಿನ ತೋಟದ ಮನೆಗಳ ಹಿತ್ತಿಲಿಗೆ ಒಂದು ಹೊಸ ಸಾಮಾನು ಬಂದಿದೆ, ಸ್ಮೋಕರ್. ಹಳೆಯ ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಾಲು ಕೊಟ್ಟು, ಮುಚ್ಚಳಕ್ಕೆ ಬಿಜಾಗರಿ ಹಾಕಿ, ಮೇಲೊಂದು ಹೊಗೆಕೊಳವೆ ನಿಲ್ಲಿಸಿದರೆ ಆಯಿತು. ಹುಣಸೂರಿನ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಒಳಗೆ ಒಂದು ಬದಿಗೆ ಇಜ್ಜಲು, ಇನ್ನೊಂದು ಬದಿಗೆ ಮಾಂಸ. ಉರಿ ತಾಗಕೂಡದು, ಬರೀ ಕಾವು ಮತ್ತು ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಕಾವು ನೂರು ಡಿಗ್ರಿಯಿಂದ ನೂರಿಪ್ಪತ್ತರ ಒಳಗೇ ನಿಲ್ಲಬೇಕು. ಶನಿವಾರ ಸಂಜೆ ಬೆಂಗಳೂರಿನಿಂದ ಬಂದವರು ಅದರ ಸುತ್ತ ನಿಂತು ಹೊತ್ತಿಸುವುದನ್ನು ನೋಡಬೇಕು. ಮೊದಲು ಕಾಗದ. ಅದು ಭಗ್ಗನೆ ಉರಿದು ಬೂದಿಯಾಗುತ್ತದೆ, ಇಜ್ಜಲು ಕರ್ರಗೆ ಹಾಗೇ ಇರುತ್ತದೆ. ಆಮೇಲೆ ಇನ್ನಷ್ಟು ಕಾಗದ. ಆಮೇಲೆ ಯಾರೋ ಒಬ್ಬರು ಬೈಕಿನ ಕಡೆಗೆ ನೋಡುತ್ತಾರೆ. ದಯವಿಟ್ಟು ಬೇಡ! ಪೆಟ್ರೋಲು ಬೆಂಕಿ ಹೊತ್ತಿಸುವ ಸಾಮಾನಲ್ಲ, ಅದರ ಆವಿ ಕಣ್ಣಿಗೆ ಕಾಣದೆ ಹರಡಿಕೊಂಡು ಕಡ್ಡಿ ಗೀರಿದವರ ಮುಖಕ್ಕೇ ಹಾರುತ್ತದೆ. ಸೀಮೆಎಣ್ಣೆಯೂ ಬೇಡ. ಇಜ್ಜಲಿನ ಮೈ ತುಂಬ ಸಣ್ಣ ಸಣ್ಣ ತೂತು. ಎಣ್ಣೆ ಅದರೊಳಗೆ ಇಳಿದು ಕೂರುತ್ತದೆ. ಮೇಲಿನದು ಉರಿದುಹೋದರೂ ಒಳಗಿನದು ನಿಧಾನಕ್ಕೆ ಹೊರಬರುತ್ತಲೇ ಇರುತ್ತದೆ. ಬೇಯುವ ಮಾಂಸಕ್ಕೆಲ್ಲ ಲಾಟೀನಿನ ವಾಸನೆ.

ಇಜ್ಜಲು ಅಷ್ಟು ಸುಲಭಕ್ಕೆ ಯಾಕೆ ಹತ್ತುವುದಿಲ್ಲ ಎಂದರೆ, ಹತ್ತುವಂಥದ್ದೆಲ್ಲ ಅದರಲ್ಲಿ ಮೊದಲೇ ಹೋಗಿಬಿಟ್ಟಿರುತ್ತದೆ. ಸೌದೆಗೆ ಬೆಂಕಿ ಇಟ್ಟಾಗ ಕಾಣುವ ಜ್ವಾಲೆ ಇದೆಯಲ್ಲ, ಅದು ಮರ ಉರಿಯುವುದಲ್ಲ, ಮರ ಕಾದಾಗ ಹೊರಬರುವ ಅನಿಲ ಉರಿಯುವುದು. ಇಜ್ಜಲು ಸುಡುವವರು ಸೌದೆ ಪೇರಿಸಿ ಮಣ್ಣು ಮುಚ್ಚಿ, ಗಾಳಿ ಅಷ್ಟಕ್ಕಷ್ಟೇ ಬಿಟ್ಟು ಒಳಗೊಳಗೇ ಬೇಯಿಸುತ್ತಾರೆ. ನೀರು, ಟಾರು, ಅನಿಲ ಎಲ್ಲ ಹೊಗೆಯಾಗಿ ಹೊರಟುಹೋಗುತ್ತವೆ. ನಾಲ್ಕೈದು ಕಿಲೋ ಸೌದೆಗೆ ಒಂದು ಕಿಲೋ ಇಜ್ಜಲು ಉಳಿದರೆ ಪುಣ್ಯ. ಉಳಿದದ್ದು ಹೆಚ್ಚುಕಡಿಮೆ ಬರೀ ಇಂಗಾಲ. ಅದಕ್ಕೆ ಜ್ವಾಲೆಯಾಗಿ ಓಡುವ ಶಕ್ತಿ ಇಲ್ಲ. ಮೈ ಮೇಲೆ ಮಾತ್ರ, ಗಾಳಿ ತಾಗಿದ ಕಡೆ ಮಾತ್ರ, ಕೆಂಪಗಾಗುತ್ತ ಹೋಗುತ್ತದೆ. ಒಂದು ಕೆಂಡ ಪಕ್ಕದ್ದನ್ನು ಕಾಯಿಸಬೇಕು, ಅದು ಅದರ ಪಕ್ಕದ್ದನ್ನು. ಒಂಟಿ ಕೆಂಡ ಆರಿಹೋಗುತ್ತದೆ. ಆದರೆ ಒಮ್ಮೆ ಹತ್ತಿತೋ, ಸೌದೆಗಿಂತ ಹೆಚ್ಚುಕಡಿಮೆ ಎರಡರಷ್ಟು ಕಾವು, ಕಣ್ಣಿಗೆ ಹೊಗೆಯಿಲ್ಲ, ಪಾತ್ರೆಗೆ ಮಸಿಯಿಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಇಡೀ ಊರಿಗೇ ಈ ಹೊಗೆ ಮಾಂಸದ ಹುಚ್ಚು. ಅವನು ಹಿತ್ತಿಲಿನಲ್ಲಿ ನಿಂತು ಫೋನಿನಲ್ಲಿ ತೋರಿಸಿದ: 'ಮಾವ, ಇಲ್ಲೊಂದು ತಗಡಿನ ಕೊಳವೆ ಸಿಗ್ತದೆ ನೋಡಿ. ಕೆಳಗೆ ಕಾಗದ, ಮೇಲೆ ಇಜ್ಜಲು. ಎಣ್ಣೆ ಪಣ್ಣೆ ಏನೂ ಬೇಡ, ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಲಿನವರೆಗೂ ಕೆಂಡ.' ನಾನು ಹೇಳಿದೆ, 'ಮಗಾ, ಅದು ನಿಮ್ಮಜ್ಜಿ ಬಚ್ಚಲುಮನೆಯಲ್ಲಿತ್ತಲ್ಲೋ!' ತಾಮ್ರದ ಬಾಯ್ಲರ್ ನೆನಪಿದೆಯೇ ನಿಮಗೆ? ಸುತ್ತ ನೀರು, ನಡುವೆ ಕೊಳವೆ, ಕೊಳವೆಯ ಬುಡದಲ್ಲಿ ಸರಳಿನ ಜಾಲರಿ. ಬುಡದಲ್ಲಿ ಒಂದಿಷ್ಟು ಪುಳ್ಳೆ ಹೊತ್ತಿಸಿ ಮೇಲಿನಿಂದ ಇಜ್ಜಲು ಸುರಿದರೆ ಮುಗಿಯಿತು, ಊದುವುದೂ ಬೇಡ, ಬೀಸುವುದೂ ಬೇಡ. ಬಿಸಿಗಾಳಿ ಮೇಲೆ ಹೋಗುತ್ತದೆ, ಅದರ ಜಾಗ ತುಂಬಲು ಕೆಳಗಿನಿಂದ ತಣ್ಣನೆಯ ಗಾಳಿ ಎಳೆದುಕೊಂಡು ಬರುತ್ತದೆ, ಬೆಂಕಿ ತನಗೆ ಬೇಕಾದ ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಟೆಕ್ಸಾಸಿನ ಕೊಳವೆಯ ಮರ್ಮವೂ ಇಷ್ಟೇ.

ಅವನ ಇಜ್ಜಲಿನ ಚೀಲದ ಮೇಲೆ ಕಿಂಗ್ಸ್‌ಫರ್ಡ್ ಎಂದು ಬರೆದಿತ್ತು. ಅದರದ್ದೊಂದು ಕಥೆ. ಹೆನ್ರಿ ಫೋರ್ಡ್ ಕಾರು ಮಾಡುತ್ತಿದ್ದ ಕಾಲಕ್ಕೆ ಕಾರಿನಲ್ಲಿ ಮರದ ಭಾಗಗಳೂ ಬಹಳ ಇದ್ದವು. ಮಿಷಿಗನ್ನಿನಲ್ಲಿ ಅವನ ಮರದ ಕಾರ್ಖಾನೆಯ ಚೂರುಪಾರು ಬೆಟ್ಟದಷ್ಟು ಬೀಳುತ್ತಿತ್ತು. 1920ರ ದಶಕದಲ್ಲಿ ಅದನ್ನೆಲ್ಲ ಇಜ್ಜಲು ಮಾಡಿ, ಪುಡಿ ಮಾಡಿ, ಗಂಜಿ ಹಾಕಿ ಒತ್ತಿ ಬಿಲ್ಲೆ ಮಾಡಿಸಿದ. ಕಾರು ಮಾರುವ ಕಡೆಯೇ ಇಜ್ಜಲನ್ನೂ ಮಾರಿದ. ಕಾರು ಕೊಂಡವರು ಊರಾಚೆ ಹೋಗಿ ಅಡುಗೆ ಮಾಡಿಕೊಂಡು ತಿನ್ನಲಿ ಎಂಬ ಲೆಕ್ಕ.

ಕಾರಿನವನು ಇಜ್ಜಲು ಮಾರಿದ್ದು ಹಾಗಿರಲಿ, ಇಜ್ಜಲೇ ಬಸ್ಸು ಓಡಿಸಿದ ಕಾಲ ನಮ್ಮ ಮೈಸೂರು ಸೀಮೆಯಲ್ಲಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂಬದಿಗೆ ಒಂದು ಉರುಟು ಒಲೆ ಕಟ್ಟಿ, ಅದರಲ್ಲಿ ಇಜ್ಜಲು ಉರಿಸಿ, ಅದರಿಂದ ಬರುವ ಅನಿಲವನ್ನು ಎಂಜಿನ್ನಿಗೆ ಕೊಡುತ್ತಿದ್ದರು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರ್ ಹುಡುಗ ಕೋಳಿ ಕೂಗುವಾಗಲೇ ಎದ್ದು, ಒಲೆ ಹೊತ್ತಿಸಿ, ಹಿಂದುಗಡೆಯ ಗಾಳಿಚಕ್ರದ ಹಿಡಿ ತಿರುಗಿಸುತ್ತ ನಿಲ್ಲಬೇಕಿತ್ತು. ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ಜನ ಇಳಿದು ತಳ್ಳುವುದೂ ಟಿಕೆಟ್ಟಿನಲ್ಲೇ ಸೇರಿತ್ತು ಎನ್ನುತ್ತಿದ್ದರು ನಮ್ಮ ಹಿರಿಯರು. ಇಜ್ಜಲು ಹತ್ತಿಲ್ಲ, ಬಸ್ಸು ತಡ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲವಂತೆ.

ಗಾಳಿಚಕ್ರ ಎಂದಾಗ ಕುಲುಮೆ ನೆನಪಾಗಬೇಕಲ್ಲ? ಆಗಿಯೇ ಆಯಿತು. ಕಮ್ಮಾರರ ಕುಲುಮೆಯಲ್ಲಿ ಇಜ್ಜಲು ಹತ್ತಿಸುವುದನ್ನು ನೋಡಿದವರಿಗೆ ಬೇರೆ ಪಾಠ ಬೇಡ. ಗುಂಡಿಯ ನಡುವೆ, ಗಾಳಿ ಬರುವ ಕೊಳವೆಯ ಬಾಯಿಯ ಎದುರಿಗೆ, ಬೆಂಕಿ ಹಿಡಿದ ಒಂದು ಹಿಡಿ ನಾರು. ಅದರ ಮೇಲೆ ನಾಲ್ಕಾರು ಸಣ್ಣ ಚೂರು. ತಿದಿ ಮೊದಲು ಮೆಲ್ಲಗೆ, ಚೂರು ಕೆಂಪೇರಿದ ಮೇಲೆ ಜೋರಾಗಿ. ದೊಡ್ಡ ಇಜ್ಜಲು ಆಮೇಲೆ, ಸುತ್ತಲಿನಿಂದ ಒಳಕ್ಕೆ ತಳ್ಳುತ್ತ. ಸಲಾಕೆ ಬೆಳ್ಳಗೆ ಕಾಯುವವರೆಗೂ ಗಾಳಿ ನಿಲ್ಲಬಾರದು. ಈ ಬೆಂಕಿಯ ಮಹಿಮೆ ನಮ್ಮ ಕಡೆಯ ದೇವರ ಕಥೆಯಲ್ಲೇ ಇದೆ. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆ ಬೇಡಲು ಹೋಗುವ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಭಿಕ್ಷೆ ಎಂದರೆ ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣ! ಕೆ.ಆರ್. ನಗರದ ಕಡೆ ಕಾವೇರಿ ದಡದ ಕಪ್ಪಡಿಯಲ್ಲಿ ಅದೇ ಪರಂಪರೆಯ ರಾಚಪ್ಪಾಜಿಯ ಗದ್ದುಗೆ ಇದೆ. ಶಿವರಾತ್ರಿಯ ಜಾತ್ರೆಗೆ ಹೋದರೆ ನದಿಯ ಮರಳಿನ ಮೇಲೆ ಸಾಲು ಸಾಲು ಒಲೆ. ಮೂರು ಕಲ್ಲು, ಒಂದು ಹಿಡಿ ಗರಿ, ಪಕ್ಕದ ಒಲೆಯಿಂದ ತಂದ ಒಂದು ಕೊಳ್ಳಿ. ಅಲ್ಲಿ ಕಡ್ಡಿ ಗೀರಿದವರಿಗಿಂತ ಬೆಂಕಿ ಕೇಳಿ ಪಡೆದವರೇ ಹೆಚ್ಚು.

ಕಬ್ಬಿಣಕ್ಕೆ ಬಂದೆವಲ್ಲ, ಭದ್ರಾವತಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. 1923ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹತ್ತಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇಜ್ಜಲಿನಿಂದ. ಇಜ್ಜಲು ಸುಡುವಾಗ ಹೊಗೆಯಾಗಿ ಹೋಗುವುದನ್ನೂ ಹಿಡಿದು, ಮರದ ಸ್ಪಿರಿಟು, ಟಾರು ಎಲ್ಲ ಇಳಿಸಿ ಮಾರಲು ಅಲ್ಲೇ ಒಂದು ಕಾರ್ಖಾನೆ ಕಟ್ಟಿದ್ದರು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು. ಹೊಗೆಯನ್ನೂ ಸುಮ್ಮನೆ ಬಿಡದ ಲೆಕ್ಕಾಚಾರ ನೋಡಿ! ಆ ಲೆಕ್ಕದಲ್ಲಿ ಎಷ್ಟು ಮರ ಹೋಯಿತು ಎಂಬುದೂ ನನ್ನ ಮನಸ್ಸಿನಲ್ಲಿದೆ. ಮರದ ಮಾತನ್ನು ಕೊನೆಗೆ ಹೇಳುತ್ತೇನೆ, ಈಗ ಇಜ್ಜಲು ಸ್ವಲ್ಪ ಚಟಚಟ ಎನ್ನುತ್ತಿದೆ. ಚಟಚಟ ಎಂದರೆ ಒಳಗೆ ತೇವ ಇದೆ ಎಂದರ್ಥ. ಮಳೆಗಾಲದಲ್ಲಿ ಇಜ್ಜಲಿನ ಮೂಟೆಯನ್ನು ನೆಲಕ್ಕೆ ಇಡಬಾರದು, ಅಟ್ಟಕ್ಕೆ ಏರಿಸಬೇಕು.

ನಮ್ಮ ಸೀಮೆಯ ದೊಡ್ಡ ಬೆಂಕಿ ಯಾವುದು ಎಂದರೆ ಹೊಗೆಸೊಪ್ಪಿನ ಬ್ಯಾರನ್ನಿನದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಆಷಾಢ ಶ್ರಾವಣದಲ್ಲಿ ಬಂದರೆ ಊರೂರಿನ ಪಕ್ಕದಲ್ಲೂ ಎತ್ತರದ ಗೋಡೆಯ ಮನೆ, ಬದಿಯಲ್ಲಿ ಒಲೆಯ ಬಾಯಿ, ಅದರ ಮುಂದೆ ಕಂಬಳಿ ಹೊದ್ದು ಕೂತ ಒಬ್ಬ ಯಜಮಾನ. ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿರುತ್ತಾರೆ. ಒಲೆಯ ಕಾವು ತಗಡಿನ ಕೊಳವೆಗಳಲ್ಲಿ ನೆಲದುದ್ದಕ್ಕೂ ಹರಿದು ಹೊರಹೋಗುತ್ತದೆ. ಮೊದಲು ಎಲೆ ಹಳದಿಗೆ ತಿರುಗುವವರೆಗೆ ಮೂವತ್ತೈದು ನಲವತ್ತು ಡಿಗ್ರಿ, ಕೊನೆಗೆ ದಂಟು ಒಣಗುವಾಗ ಎಪ್ಪತ್ತರ ಹತ್ತಿರ. ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ. ಒಂದು ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನೇ ಬೆಂಕಿಗೆ ಆಹುತಿ, ರೈತನ ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಹೋಗುತ್ತದೆ. ಹಾಗೆ ಕಾಯುವವರನ್ನು ನಾನು ಬಹಳ ಗೌರವಿಸುತ್ತೇನೆ. ಅರ್ಧರಾತ್ರಿಯಲ್ಲಿ ಒಲೆಯ ಬಾಯಿಂದ ಒಂದಿಷ್ಟು ಕೆಂಡ ಎಳೆದು, ಅದರಲ್ಲಿ ಗೆಣಸೋ ಮುಸುಕಿನ ಜೋಳವೋ ಸುಟ್ಟು, ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಕೊಡುವುದೂ ಅವರೇ. ಅಲ್ಲಿ ಕಲಿತ ಮಾತು ಇದು: 'ಊದ್ಬ್ಯಾಡ ಕಣ್ಲಾ, ಬೀಸು. ಊದುದ್ರೆ ಬೂದಿ ನಿನ್ನ ಕಣ್ಗೆ, ಬೀಸುದ್ರೆ ಗಾಳಿ ಬೆಂಕಿಗೆ.' ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕ ನೂರಕ್ಕೆ ಹದಿನಾರು ಹದಿನೇಳು ಪಾಲು, ಬಯಲ ಗಾಳಿಯಲ್ಲಿ ಇಪ್ಪತ್ತೊಂದು. ಯಜಮಾನರಿಗೆ ಈ ಅಂಕಿ ಬೇಕಿರಲಿಲ್ಲ, ಮೊರ ಹಿಡಿದು ಬೀಸುವುದು ಗೊತ್ತಿತ್ತು.

ಇಲ್ಲೊಂದು ಸೋಜಿಗ ಇದೆ ನೋಡಿ. ಬ್ಯಾರನ್ನಿನವರಿಗೆ ಉರಿ ಬೇಕು, ಆದರೆ ಹೊಗೆ ಎಲೆಗೆ ಸೋಕಕೂಡದು. ಕೊಳವೆಯಲ್ಲೇ ಹೊರಗೆ ಹೋಗಬೇಕು. ಅಲ್ಲಿಂದ ಸ್ವಲ್ಪ ದೂರ, ಕಾಡಿನಿಂದ ಬಂದ ಜೇನುಕುರುಬರು ನೆಲೆಸಿರುವ ನಾಗಾಪುರದ ಹಾಡಿಯ ಹಿರಿಯರನ್ನು ಕೇಳಿ. ಅವರಿಗೆ ಬೇಕಾದದ್ದು ಬರೀ ಹೊಗೆ, ಉರಿ ಕೂಡದು. ಒಳಗೆ ಒಣಗಿದ್ದು, ಸುತ್ತ ಹಸಿ ಸೊಪ್ಪು ಸುತ್ತಿ ಕಟ್ಟಿದ ಕಂತೆಯನ್ನು ಹೊತ್ತಿಸಿದರೆ ಅದು ಉರಿಯದೆ ಹೊಗೆಯುತ್ತದೆ. ಹೊಗೆ ತಾಗಿದ ಹೆಜ್ಜೇನಿಗೆ ಒಂದರ ಕೂಗು ಇನ್ನೊಂದಕ್ಕೆ ಮುಟ್ಟುವುದಿಲ್ಲ. ಅಪಾಯ ಬಂತೆಂದು ಸಾರುವ ಅವುಗಳ ವಾಸನೆಯನ್ನು ಹೊಗೆ ಮುಚ್ಚಿಬಿಡುತ್ತದೆ. ಹುಳು ಸಾಯಬಾರದು, ಮರ ಹತ್ತಿಕೊಳ್ಳಬಾರದು, ಅಷ್ಟೇ ಹೊಗೆ. ಇಂಥ ಬೆಂಕಿ ಮಾಡುವ ಕೈಗೆ ಎಷ್ಟು ತಲೆಮಾರಿನ ಪಳಗಿಕೆ ಬೇಕು! ಇನ್ನು ಹುಣಸೂರು ಪೇಟೆಯ ಇಸ್ತ್ರಿ ಗಾಡಿಯವರನ್ನು ನೋಡಿ, ಅವರಿಗೆ ಉರಿಯೂ ಬೇಡ, ಹೊಗೆಯೂ ಬೇಡ. ಬಿಳಿ ಅಂಗಿಯ ಮೇಲೆ ಒಂದು ಕಿಡಿ ಬಿದ್ದರೆ ಮರ್ಯಾದೆ ಹೋಯಿತು. ಹಿತ್ತಾಳೆ ಪೆಟ್ಟಿಗೆಯ ಕೋಳಿ ಆಕಾರದ ಚಿಲಕ ತೆಗೆದು, ಎರಡು ಕೆಂಡದ ಮೇಲೆ ಕರಟದ ಚೂರು ಜೋಡಿಸಿ, ಮುಚ್ಚಳ ಅರ್ಧ ತೆರೆದು, ಪೆಟ್ಟಿಗೆಯನ್ನು ಹಿಂದೆ ಮುಂದೆ ತೂಗಾಡಿಸುತ್ತಾರೆ. ಗಾಳಿಯೆಲ್ಲ ತಾನಾಗಿ ಒಳಗೆ. ಕರಟದ ಉರಿ ಮುಗಿಯುವವರೆಗೆ ಬಟ್ಟೆಯ ಹತ್ತಿರ ಒಯ್ಯುವುದಿಲ್ಲ. ಸ್ಮೋಕರಿನವರಿಗೆ ಇವರೆಲ್ಲರ ವಿದ್ಯೆಯೂ ಬೇಕು. ಬ್ಯಾರನ್ನಿನವರ ಕಾವಿನ ಹದ, ಜೇನುಕುರುಬರ ಹೊಗೆಯ ಹದ, ಇಸ್ತ್ರಿಯವರ ತಾಳ್ಮೆ.

ಹಾಗೆ ನೋಡಿದರೆ ಸ್ಮೋಕರ್ ನಮ್ಮ ಕಡೆಗೆ ಹೊಸದಾಗಿ ಬರಬೇಕಾದದ್ದೇನೂ ಇರಲಿಲ್ಲ. ಉಪ್ಪುಕಂಡ ತಿಂದವರು ಹೇಳಿ. ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಒಲೆಯ ಮೇಲಿನ ಹೊಗೆಗೆ ಕಟ್ಟುತ್ತಿದ್ದರು. ಗಡಿ ದಾಟಿದರೆ ಕೊಡಗು. ಅಲ್ಲಿಯೂ ಅಡುಗೆಮನೆಯ ಒಲೆಯ ಮೇಲೆ ಹಂದಿಮಾಂಸ ಹೊಗೆಯಲ್ಲಿ ತೂಗುತ್ತಿತ್ತು. ಮಳೆಗಾಲದ ರಾತ್ರಿ ಒಂದು ತುಂಡು ಇಳಿಸಿ, ಕೆಂಡದ ಮೇಲೆ ಸುಟ್ಟು, ಜಜ್ಜಿ, ಬಿಸಿ ಮುದ್ದೆಯ ಜೊತೆಗೆ ತಿಂದರೆ... ಇರಲಿ, ಇಜ್ಜಲು ಇನ್ನೂ ಹತ್ತಿಲ್ಲ, ಈಗಲೇ ಬಾಯಲ್ಲಿ ನೀರು ಯಾಕೆ!

ನಾನು ಹೊತ್ತಿಸುವ ಬಗೆ ಕೇಳುತ್ತೀರಾದರೆ ಹೇಳುತ್ತೇನೆ. ತಳ ಕತ್ತರಿಸಿದ ಎಣ್ಣೆ ಡಬ್ಬ, ಬುಡದ ಸುತ್ತ ದೊಡ್ಡ ಮೊಳೆಯಿಂದ ತೂತು, ಅಡ್ಡಕ್ಕೆ ಎರಡು ಸರಳು. ಮೂರು ಕಲ್ಲಿನ ಮೇಲೆ ಇಟ್ಟರೆ ಕೆಳಗಿನಿಂದ ಗಾಳಿ ಬರುತ್ತದೆ. ಸರಳಿನ ಮೇಲೆ ಒಣ ತೆಂಗಿನ ನಾರು, ಅದರ ಮೇಲೆ ಒಡೆದ ಕರಟ, ಆಮೇಲೆ ಸಣ್ಣ ಇಜ್ಜಲು, ಎಲ್ಲಕ್ಕೂ ಮೇಲೆ ದಪ್ಪನೆಯದು. ಕಡ್ಡಿ ಕೆಳಗೆ ಗೀರಬೇಕು. ನಾರು ಉರಿಯನ್ನು ಕರಟಕ್ಕೆ ಕೊಡುತ್ತದೆ, ಕರಟ ಇಜ್ಜಲು ಕೆಂಪಾಗುವವರೆಗೂ ಬಿಡದೆ ಉರಿಯುತ್ತದೆ. ಮೊದಲು ದಟ್ಟ ಹೊಗೆ ಬರುತ್ತದೆ, ಹೆದರಬೇಡಿ, ಅದು ಹೋಗಲಿ. ಮೇಲಿನ ಇಜ್ಜಲಿನ ಅಂಚಿಗೆ ಬಿಳಿ ಬೂದಿ ಕಂಡರೆ ಸುರಿಯಬಹುದು. ಸ್ಮೋಕರಿಗಾದರೆ ಡಬ್ಬದ ತುಂಬ ಬೇಡ. ಹತ್ತದ ಇಜ್ಜಲನ್ನು ಹಾಸಿ, ಒಂದು ಮೂಲೆಯ ಮೇಲೆ ನಾಲ್ಕಾರು ಕೆಂಡ ಇಟ್ಟು, ಕೆಳಗಿನ ಗಾಳಿಕಿಂಡಿಯನ್ನು ಬೆರಳಷ್ಟು ತೆರೆದು ಬಿಡಿ. ಕೆಂಡ ಒಂದರಿಂದ ಒಂದಕ್ಕೆ ದಾಟುತ್ತ ರಾತ್ರಿಯೆಲ್ಲ ಕಾವು ಕೊಡುತ್ತದೆ. ನಮ್ಮ ಅಜ್ಜಿ ಬೂದಿ ಮುಚ್ಚಿ ಬೆಳಗಿನವರೆಗೆ ಕೆಂಡ ಉಳಿಸುತ್ತಿದ್ದುದೂ ಗಾಳಿ ಕಡಿಮೆ ಮಾಡಿಯೇ. ಹೊಗೆಯ ರುಚಿಗೆ ಹುಣಸೆಯ, ಮಾವಿನ ಒಣ ತುಂಡು ಒಂದೆರಡು ಸಾಕು.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಚಳಿ ಎಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿ ಮಲಗಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಇಂಥ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿ ಹೊಟ್ಟೆ ಉರಿದಿದೆ.

ಇನ್ನೊಂದು, ಕೊನೆಗೆ ಹೇಳುತ್ತೇನೆ ಎಂದೆನಲ್ಲ, ಆ ಮರದ ಮಾತು. ನಾಗರಹೊಳೆಯ ಕಾಡು ಮಾಘ ಮಾಸಕ್ಕೇ ಎಲೆ ಉದುರಿಸಿ ಒಣಗಿ ನಿಲ್ಲುತ್ತದೆ. ಕೆಳಗೆ ಬಿದಿರು, ಲಂಟಾನ, ಹುಲ್ಲು. ಕಾಡಿನ ಅಂಚಿನುದ್ದಕ್ಕೂ ಬೆಂಕಿ ರೇಖೆ ಸವರಿ, ಬಿಸಿಲಿನಲ್ಲಿ ದಿನವಿಡೀ ಕಾವಲು ಕಾಯುವವರು ನಮ್ಮ ಊರುಗಳ, ಹಾಡಿಗಳ ಹುಡುಗರು. ಒಂದು ಕಿಡಿ ಗಾಳಿಗೆ ಹಾರಿದರೆ ಅವರು ಸೊಪ್ಪಿನ ಗೊಂಚಲು ಹಿಡಿದು ಬಡಿದು ಆರಿಸಬೇಕು. ಕಾಡಂಚಿನ ಮನೆಗೆ ಬಂದು ಇಜ್ಜಲು ಹೊತ್ತಿಸುವವರಲ್ಲಿ ಕೈಮುಗಿದು ಕೇಳುತ್ತೇನೆ. ಕಾಡಿನ ಸೌದೆ ಆಯಬೇಡಿ. ಜಾಲಿಯ ಇಜ್ಜಲು, ಕರಟದ ಇಜ್ಜಲು ಪೇಟೆಯಲ್ಲಿ ಸಿಗುತ್ತದೆ, ಕೊಂಡು ತನ್ನಿ. ಊಟ ಮುಗಿದ ಮೇಲೆ ಬೂದಿಯನ್ನು ತಿಪ್ಪೆಗೆ ಎಸೆಯಬೇಡಿ, ಮರುದಿನ ಮಧ್ಯಾಹ್ನದವರೆಗೂ ಅದರೊಳಗೆ ಕೆಂಡ ಜೀವಂತ ಇರುತ್ತದೆ. ಒಂದು ಬಕೆಟ್ ನೀರು ಹುಯ್ಯಿರಿ, ಕೋಲಿನಿಂದ ಕಲಸಿ, ಮತ್ತೊಂದು ಬಕೆಟ್ ಹುಯ್ಯಿರಿ, ಅಂಗೈಯನ್ನು ಬೂದಿಯ ಹತ್ತಿರ ಹಿಡಿದು ಕಾವು ಸ್ವಲ್ಪವೂ ಇಲ್ಲ ಎಂದು ಖಾತ್ರಿಯಾದ ಮೇಲೆ ಮಲಗಿ.